ಕೊನೆಯ ರಟ್ಟಿನ ಮೊಗ್ಗು

ಅಂಕಲ್ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಬೆನ್ನು. ಇಸ್ತ್ರಿ ಮಾಡಿದ ತೆಳು ನೀಲಿ ಶರ್ಟು, ಕಾಲರಿನ ಮೇಲೆ ಇಳಿದ ಬಿಳಿ ಕೂದಲು, ಕಿವಿಯ ಹಿಂದೆ ಪಟಪಟ ಹೊಡೆದುಕೊಳ್ಳುವ ಒಂದು ನರ. ಕೈಗಳೆರಡೂ ಬೆನ್ನ ಹಿಂದೆ. ಒಂದು ಕೈ ಇನ್ನೊಂದರ ಬೆರಳನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಗೋಡೆಗೆ ಮುಖ ಮಾಡಿ ನಿಂತು, "ನೋಡಿದ್ಯಾಮ್ಮಾ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ ಅಂಕಲ್, ಸ್ವಲ್ಪ ಇರಿ" ಎಂದರೆ ಆ ನರ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ ಮಾಡಿ ರಿಟೈರ್ ಆದ, ಎಪ್ಪತ್ತು ದಾಟಿದ ಎಂಜಿನಿಯರು. ನಾನು ಒಂದು ಹಳೆಯ ಪುಸ್ತಕದ ರಟ್ಟನ್ನು ನೋಡಿ ಮುಗಿಸುವವರೆಗೆ, ಕ್ಲಾಸಿನಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ ಗೋಡೆ ನೋಡುತ್ತಾ ನಿಂತಿರುತ್ತಿದ್ದರು.

ಅವರು ನನಗೆ ನೆಂಟರಲ್ಲ, ನಮ್ಮ ಊರವರೂ ಅಲ್ಲ. ನಾನು ಬೆಂಗಳೂರಿನವಳು, ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಮನೆ, ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರುವ ಕೆಲಸ. ಅವರು ಮೈಸೂರು ಕಡೆಯ ಮುಸ್ಲಿಮರು. ಲಾಸ್ ಏಂಜಲೀಸ್ ದಾಟಿ ಇನ್ನೂ ಉತ್ತರಕ್ಕೆ, ಸ್ಯಾಂಟಾ ಕ್ಲಾರಿಟಾದಲ್ಲಿ ಆಂಟಿಯ ಜೊತೆ ಇದ್ದರು. ಟ್ರಾಫಿಕ್ ಕೆಟ್ಟಿದ್ದರೆ ನಮ್ಮಿಬ್ಬರ ಮನೆಗಳ ಮಧ್ಯೆ ಅರ್ಧ ದಿನದ ದಾರಿ. ಕೊರೊನಾ ಬರದಿದ್ದರೆ ನಮ್ಮ ಪರಿಚಯವಾಗುವ ಪ್ರಶ್ನೆಯೇ ಇರಲಿಲ್ಲ.

ಆ ವರ್ಷ ಕನ್ನಡದವರ ವಾಟ್ಸಾಪ್ ಗುಂಪಿನ ತುಂಬ ಎರಡೇ ಮಾತು: ಇಂಡಿಯಾಕ್ಕೆ ಫ್ಲೈಟ್ ಯಾವಾಗ ಬಿಡ್ತಾರೆ, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತೆ. ಅದರ ನಡುವೆ ಒಂದು ಮೆಸೇಜು ಬಂತು: "ಲಾ ಹೋಯಾ ಹತ್ತಿರ ಯಾರಾದ್ರೂ ಇದೀರಾ? ಒಂದು ಹಳೇ ಪುಸ್ತಕ ನೋಡ್ಬೇಕಿತ್ತು. ಹಿಂದಿನ ರಟ್ಟು ಮಾತ್ರ ನೋಡಿ ಹೇಳಿದ್ರೆ ಸಾಕು." ಯಾರೋ ತರಲೆ, "ಒಳಗೆ ಓದೋದು ಬೇಡ್ವಾ ಸಾರ್?" ಎಂದು ನಗುವ ಮುಖ ಅಂಟಿಸಿದರು. ಮನೆಯಲ್ಲೇ ಕೂತು ಕೂತು ಹುಚ್ಚು ಹಿಡಿಯುವ ಹಾಗಾಗಿದ್ದ ನನಗೆ ಹೊರಗೆ ಹೋಗಲು ಒಂದು ನೆಪ ಬೇಕಾಗಿತ್ತು. ಲಾ ಹೋಯಾ ನಮ್ಮ ಮನೆಗೆ ಹತ್ತಿರವೇ; ನಾನಿದೀನಿ ಅಂದೆ.

ಯಾರದೋ ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುತ್ತಿದ್ದರು. ಸಾಮಾನೆಲ್ಲ ಗ್ಯಾರೇಜಿನಲ್ಲಿ ಹರಡಿತ್ತು. ಮಾರುವವರು ಅಂಗಳದ ಆ ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದರು, ನಾನು ಈ ತುದಿಯಲ್ಲಿ. ಯಾವುದನ್ನು ಮುಟ್ಟಲೂ ಹೆದರಿಕೆಯಾಗುತ್ತಿದ್ದ ಕಾಲ ಅದು. ಪುಸ್ತಕಗಳ ರಾಶಿಯಲ್ಲಿ, ಅಂಕಲ್ ಫೋನಿನಲ್ಲಿ ಹೇಳಿದ್ದ ಪುಸ್ತಕ ಥಟ್ಟನೆ ಕಣ್ಣಿಗೆ ಬಿತ್ತು: ರಕ್ತಗೆಂಪು ಚರ್ಮದ ಬೈಂಡಿಂಗು, ಅದರ ಮೇಲೆ ಬಂಗಾರದಲ್ಲಿ ಒತ್ತಿದ ಲಾಂಛನ. ಎರಡು ನವಿಲು, ನಡುವೆ ಒಂದು ಛತ್ರಿ. ವಿಡಿಯೋ ಕಾಲ್ ಹಚ್ಚಿದೆ.

"ಹಿಂದಿನ ರಟ್ಟಲ್ಲೂ ಅದೇ ನವಿಲು, ಅದೇ ಛತ್ರಿ, ಅಂಕಲ್."

"ಛತ್ರಿ ಹಿಡಿ ಇದ್ಯಲ್ಲ. ಅದರ ಕೆಳಗೆ?"

"ಕೆಳಗೆ ಏನೂ ಇಲ್ಲ."

ಆ ಕಡೆ ಫೋನು ದಪ್ಪನೆ ಬಿತ್ತು. ಪರದೆಯ ಮೇಲೆ ಅವರ ಮನೆಯ ಫ್ಯಾನು ಮಾತ್ರ ಕಾಣುತ್ತಿತ್ತು. "ಏನಾಯ್ತ್ರೀ? ನೀರು ಬೇಕಾ? ಯಾ ಅಲ್ಲಾ, ಮಾತಾಡ್ರೀ!" ಎಂದು ಒಬ್ಬ ಹೆಂಗಸು ಕೂಗುವುದು ಕೇಳಿಸಿತು. ಎಂದೂ ಕಾಣದ ಮನುಷ್ಯನನ್ನು ಒಂದು ಮಾತಿನಲ್ಲಿ ಕೊಂದುಬಿಟ್ಟೆನಾ ಎಂದು ದಿಗಿಲಾಯಿತು. ಆಗ ಲ್ಯಾಬಿನ ಅಭ್ಯಾಸ ಕೈಹಿಡಿಯಿತು. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ನಾವು ದಿನಾ ಮಾಡುವ ಕೆಲಸವೇ ಅದು. ಪುಸ್ತಕವನ್ನು ಗ್ಯಾರೇಜಿನ ಬಾಗಿಲಿಗೆ ಬೀಳುತ್ತಿದ್ದ ಇಳಿಬಿಸಿಲಿಗೆ ವಾರೆ ಮಾಡಿ ಹಿಡಿದೆ. ಛತ್ರಿಯ ಹಿಡಿಯ ಕೆಳಗೆ, ಬಂಗಾರವಿಲ್ಲದೆ ಬರೀ ಒತ್ತಿದ ಒಂದು ಗುರುತು ಮೇಲೆದ್ದು ಬಂತು.

"ಅಂಕಲ್! ಇದೆ! ಒಂದು ಮೊಗ್ಗಿನ ಥರ, ಕಡಲೆಬೇಳೆ ಅಷ್ಟು ಚಿಕ್ಕದು!"

"ಇದೆಯಂತೆ ಕಣೇ, ಇದೆಯಂತೆ" ಎಂದು ಅವರು ಆಂಟಿಗೆ ಹೇಳುತ್ತಾ ಅಳುವುದು ಕೇಳಿಸಿತು. ಈಯಪ್ಪನಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡೇ ಪುಸ್ತಕ ಕೊಂಡು ಮನೆಗೆ ಬಂದೆ.

ಪುಸ್ತಕ ಒಯ್ಯಲು ಅವರಿಬ್ಬರೂ ಬಂದಾಗ ನಮ್ಮ ಹಿತ್ತಿಲಿನಲ್ಲಿ ದೂರದೂರ ಕುರ್ಚಿ ಹಾಕಿ ಕೂತೆವು. ಆಗ ಕಥೆ ಹೊರಬಂತು. ಮೈಸೂರು ಸೀಮೆಯಲ್ಲಿ ಒಬ್ಬ ಜಹಗೀರುದಾರರು ಇದ್ದರಂತೆ. ಇಂಗ್ಲೆಂಡಿನ ದೊರೆಗಳ ಮನೆಯಲ್ಲಿ ಲಾಂಛನ ಹಾಕಿದ ಪುಸ್ತಕಗಳನ್ನು ಕಂಡು ಬಂದು, ತಮಗೂ ಬೇಕೆಂದು ನವಿಲು ಛತ್ರಿಯ ಅಚ್ಚು ಮಾಡಿಸಿದರು. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಒಂದೇ ಕೆಂಪು ಚರ್ಮದಲ್ಲಿ ಕಟ್ಟಿಸಿದರು. ಬೆನ್ನಿನ ಮೇಲೆ ಹೆಸರೂ ಇಲ್ಲ, ಲಾಂಛನ ಮತ್ತು ಒಂದು ನಂಬರು ಅಷ್ಟೇ. ಆ ಲೈಬ್ರರಿ ನೋಡಿಕೊಳ್ಳುತ್ತಿದ್ದವರು ಅಂಕಲ್‌ನ ಅಜ್ಜ, ಅಂದರೆ ಅವರ ಬಾಯಲ್ಲಿ ದಾದಾ. ಅಲ್ಲಿ ಒಂದು ಪದ್ಧತಿ ಇತ್ತು. ಪುಸ್ತಕವನ್ನು ಯಾರಿಗಾದರೂ ಕೊಟ್ಟರೆ, ಮಾರಿದರೆ, ಜಹಗೀರುದಾರರೇ ಅದನ್ನು ಕೊನೆಯ ಪುಟದವರೆಗೆ ಒಮ್ಮೆ ತಿರುವಿ, ಮುಚ್ಚಿ, ಕೊನೆಯ ರಟ್ಟಿನ ಮೇಲೆ ಒಂದು ತಾವರೆ ಮೊಗ್ಗು ಒತ್ತುತ್ತಿದ್ದರು. ಈ ಪುಸ್ತಕವನ್ನು ನಾನೇ ಬಿಟ್ಟುಕೊಟ್ಟಿದ್ದೇನೆ ಎಂಬುದಕ್ಕೆ ಅದು ಗುರುತು. ಆ ಅಚ್ಚು ದಾದಾ ಕೈಗೆ ಎಂದೂ ಸಿಗುತ್ತಿರಲಿಲ್ಲ; ಜಹಗೀರುದಾರರ ಮಂಚದ ಪಕ್ಕದ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರುತ್ತಿತ್ತು.

ಜಹಗೀರುದಾರರು ತೀರಿಕೊಂಡಾಗ ಮಕ್ಕಳು ಲೈಬ್ರರಿ ತೆಗೆದು ನೋಡಿದರೆ ಬೀರುಗಳು ಖಾಲಿ. ಮಾನಕ್ಕೆ ಹೆದರಿ ಜಹಗೀರುದಾರರೇ ಗುಟ್ಟಾಗಿ ಮಾರಿಕೊಂಡಿದ್ದರೆಂದು ದಾದಾ ಹೇಳಿದರೆ ಯಾರು ನಂಬುತ್ತಾರೆ? ದೊಡ್ಡ ಮನೆಯ ಯಜಮಾನರು ಮಾರುವುದುಂಟೆ, ಇವನೇ ಕದ್ದಿದ್ದು ಎಂದರು.

"ದಾದಾ ಎಲ್ಲರೆದುರಿಗೂ ಹೇಳಿದ್ರಂತೆ, ಮೊಗ್ಗಿಲ್ಲದ ಒಂದೇ ಒಂದು ಪುಸ್ತಕ ತೋರಿಸಿ, ನಾನೇ ಕಳ್ಳ ಅಂತ ಒಪ್ಕೋತೀನಿ ಅಂತ" ಎಂದರು ಅಂಕಲ್. "ಯಾರೂ ಹುಡುಕೋಕೆ ಹೋಗ್ಲಿಲ್ಲಮ್ಮಾ. ಹುಡುಕೋದಕ್ಕಿಂತ ಕಳ್ಳ ಅನ್ನೋದು ಸಲೀಸು."

ಅಂದಿನಿಂದ ಅವರದು ಪುಸ್ತಕ ಕಳ್ಳನ ಮನೆ. ಅಂಕಲ್ ಸ್ಕೂಲಿಗೆ ಹೋಗುವ ಹೊತ್ತಿಗೆ ದಾದಾ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಮೇಷ್ಟರ ಪೆನ್ನು ಕಾಣದಾದಾಗ ಮೊದಲು ಸುರಿಸಿದ್ದು ಇವರ ಚೀಲವನ್ನೇ. ಪೆನ್ನು ಮೇಷ್ಟರ ಜೇಬಿನಲ್ಲೇ ಇತ್ತು. ಆ ದಿನ ಮನೆಗೆ ಬಂದು ಹೇಳಿದರೆ ಅಪ್ಪ, ಮನೆಯಲ್ಲಿ ಪಾಠದ ಪುಸ್ತಕ ಬಿಟ್ಟು ಇನ್ನೊಂದು ಇರಕೂಡದು ಎಂದುಬಿಟ್ಟರಂತೆ. ಉರ್ದು ಮನೆಮಾತು, ಆದರೆ ಉರ್ದು ಓದುವುದನ್ನೂ ಕಲಿಸಲಿಲ್ಲ. ಕುರಾನ್ ಒಂದು ಓದಲು ಬಂದರೆ ಸಾಕು, ಉಳಿದ ಪುಸ್ತಕಗಳ ಸಹವಾಸವೇ ಬೇಡ ಎಂದರಂತೆ.

"ಸಿಗೋ ಒಂದೊಂದು ಪುಸ್ತಕಾನೂ ಸಾಕ್ಷಿ" ಎಂದರು. "ಯಾವ ಕಡೆ ಸಾಕ್ಷಿ ಹೇಳುತ್ತೋ, ತಿರುಗಿಸಿ ನೋಡೋವರೆಗೂ ಗೊತ್ತಾಗಲ್ಲ."

"ಅಷ್ಟು ಭಯ ಇದ್ರೆ ಯಾಕಂಕಲ್ ಹುಡುಕ್ತೀರ? ಸುಮ್ನೆ ಆರಾಮಾಗಿ ಇದ್ದುಬಿಡಿ."

"ಸುಮ್ನಿದ್ರೆ ಕಳ್ಳನ ಮೊಮ್ಮಗನಾಗೇ ಸಾಯ್ತೀನಲ್ಲಮ್ಮಾ."

ಆಂಟಿ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತಾ, "ಈ ಕೆಂಪು ಸವತಿಯರನ್ನ ಕಟ್ಕೊಂಡು ನನ್ ಪ್ರಾಣ ತಿಂತಾರೆ" ಎಂದರು. ಆ ಪುಸ್ತಕಗಳನ್ನು ಆಂಟಿ ಮುಟ್ಟುತ್ತಲೇ ಇರಲಿಲ್ಲ. ದೂಳು ಹೊಡೆಯುವುದಕ್ಕೂ ಹತ್ತಿರ ಹೋಗುತ್ತಿರಲಿಲ್ಲ.

ಹೀಗೆ ನಾನು ಅವರ ಕಣ್ಣಾದೆ. ಸ್ಯಾನ್ ಡಿಯಾಗೋ ಕಡೆ ಸಿಕ್ಕಿದ್ದನ್ನು ನಾನು ತರುವುದು, ಲಾಸ್ ಏಂಜಲೀಸ್ ಕಡೆ ಸಿಕ್ಕಿದ್ದನ್ನು ನೋಡಲು ನನ್ನನ್ನು ಕರೆಸುವುದು. ಅವರು ಗೋಡೆಗೆ ತಿರುಗಿ ನಿಲ್ಲುವುದು, ನಾನು ಟಾರ್ಚನ್ನು ಓರೆಯಾಗಿ ಹಿಡಿಯುವುದು. ಮೊದಮೊದಲು ನನಗೆ ಇದು ಆಟ. ಆಮೇಲಾಮೇಲೆ, ರಟ್ಟು ತಿರುಗಿಸುವಾಗ ನನ್ನ ಬಾಯಿಯೂ ಒಣಗತೊಡಗಿತು. ನನ್ನ ಸ್ವಂತ ಅಜ್ಜ ಏನು ಕೆಲಸ ಮಾಡುತ್ತಿದ್ದರೆಂದು ಕೇಳಿದರೆ ನನಗೆ ಸರಿಯಾಗಿ ಗೊತ್ತಿಲ್ಲ. ಇವರ ದಾದಾಗಾಗಿ ಒಂದೊಂದು ರಟ್ಟನ್ನೂ ಎರಡೆರಡು ಸಲ ನೋಡುತ್ತಿದ್ದೆ.

ಅವರ ಹೆದರಿಕೆ ಎಂಥದೆಂದು ನನಗೆ ಅರ್ಥವಾದದ್ದು ನಮ್ಮ ಮೀರಾ ಮೆಸಾದ ಇಂಡಿಯನ್ ಅಂಗಡಿಯಲ್ಲಿ. ಅಲ್ಲಿ ಯಾರೂ ಯಾರ ಚೀಲವನ್ನೂ ನೋಡುವುದಿಲ್ಲ. ಅಂಕಲ್ ಮಾತ್ರ ಬಿಲ್ಲನ್ನು ಮಡಿಸದೆ, ಎಲ್ಲರಿಗೂ ಕಾಣುವ ಹಾಗೆ ಎದೆಯ ಮುಂದೆ ಹಿಡಿದು, ಪಾರ್ಕಿಂಗ್ ಲಾಟಿನಲ್ಲಿ ಕಾರಿನವರೆಗೂ ನಡೆದರು. ಒಂದು ಕಟ್ಟು ಕರಿಬೇವು, ಒಂದು ಡಬ್ಬ ತುಪ್ಪ, ಅದಕ್ಕೆ ಈ ಮೆರವಣಿಗೆ! "ಯಾರು ಕೇಳ್ತಾರೆ ಅಂಕಲ್, ಜೇಬಲ್ಲಿ ಇಟ್ಕೊಳಿ" ಎಂದು ನಕ್ಕೆ. "ಕೇಳೋಕೆ ಮುಂಚೆ ತೋರಿಸ್ಬೇಕಮ್ಮಾ" ಎಂದರು. ನನಗೆ ಮುಂದೆ ನಗು ಬರಲಿಲ್ಲ.

ಇನ್ನೊಂದು ಅಭ್ಯಾಸ ನನಗೆ ವಿಚಿತ್ರವೆನಿಸುತ್ತಿತ್ತು. ಆ ಪುಸ್ತಕಗಳಲ್ಲಿ ಒಂದನ್ನೂ ಅವರು ತೆರೆಯುತ್ತಿರಲಿಲ್ಲ. ನವಿಲು ನೋಡುವುದು, ಮೊಗ್ಗು ನೋಡಿಸುವುದು, ಬೀರುವಿನಲ್ಲಿ ಇಡುವುದು. "ಒಳಗೆ ಏನಿದೆ ಅಂತ ಒಂದ್ಸಲನಾದ್ರೂ ನೋಡ್ಬಾರ್ದಾ?" ಎಂದರೆ, "ಓದೋಕೆ ತಂದಿದ್ದಲ್ಲ" ಎನ್ನುತ್ತಿದ್ದರು. ಅಪ್ಪ ಹಾಕಿದ ಕಟ್ಟಳೆ ಆ ವಯಸ್ಸಿನಲ್ಲೂ ಅವರ ಕೈ ಹಿಡಿದಿತ್ತು.

ಮೈಸೂರಿನ ಪುಸ್ತಕಗಳು ಇಲ್ಲಿಗೆ ಹೇಗೆ ಬಂದವು ಎಂಬುದನ್ನೂ ಅವರೇ ಪತ್ತೆ ಮಾಡಿದ್ದರು. ಮದರಾಸಿನ ವ್ಯಾಪಾರಿಯೊಬ್ಬ, ಯಾರ ಕೈಯಿಂದಲೋ ಗೊತ್ತಿಲ್ಲ, ಒಟ್ಟಾಗಿ ಕೊಂಡು ಹಡಗಿಗೆ ಹಾಕಿದ್ದನಂತೆ. ಲಾಸ್ ಏಂಜಲೀಸಿನ ಸಿನಿಮಾದವರಿಗೆ ಶ್ರೀಮಂತರ ಮನೆಯ ಸೆಟ್ಟುಗಳಲ್ಲಿ ಬೀರು ತುಂಬಿಸಲು ಚರ್ಮದ ಪುಸ್ತಕಗಳು ಬೇಕಾಗಿದ್ದವು. ಗಜದ ಲೆಕ್ಕದಲ್ಲಿ ಕೊಳ್ಳುತ್ತಿದ್ದರಂತೆ. ಅದಕ್ಕೇ ಅಂಕಲ್ ಮನೆಯಲ್ಲಿ ಟೀವಿಯ ತುಂಬ ಹಳೆಯ ಕಪ್ಪುಬಿಳುಪು ಚಿತ್ರಗಳು, ಅದೂ ನಿಲ್ಲಿಸಿ ನಿಲ್ಲಿಸಿ. "ಹೀರೋಯಿನ್ ಸಾಯ್ತಾ ಇದ್ರೂ ಇವರು ಹಿಂದುಗಡೆ ಬೀರು ನೋಡ್ತಾರೆ" ಎಂದು ಆಂಟಿ ಬೈಯುತ್ತಿದ್ದರು.

ಆ ಜಾಡು ಹಿಡಿದೇ ನಾವು ಒಮ್ಮೆ ಬರ್ಬ್ಯಾಂಕಿನ ಕಡೆ ಒಂದು ಗೋದಾಮಿಗೆ ಹೋದೆವು. ಸಿನಿಮಾಗಳಿಗೆ ಸಾಮಾನು ಬಾಡಿಗೆಗೆ ಕೊಡುತ್ತಿದ್ದ ಜಾಗ, ಮುಚ್ಚುತ್ತಿದ್ದರು. ಸಿಂಹಾಸನಗಳು, ಆಸ್ಪತ್ರೆಯ ಮಂಚಗಳು, ಸುಳ್ಳು ಗೋರಿಕಲ್ಲುಗಳ ನಡುವೆ ನಡೆದು ಹೋದರೆ ಕೊನೆಯಲ್ಲಿ ಒಂದು ಗೋಡೆ ಪೂರ್ತಿ ಕೆಂಪು ಬೆನ್ನುಗಳು. ಒಂದೊಂದರ ಮೇಲೂ ಬಂಗಾರದ ನವಿಲು. ಅಂಕಲ್ ನನ್ನ ತೋಳು ಹಿಡಿದುಕೊಂಡರು. ಅಷ್ಟೂ ಸಾಕ್ಷಿಗಳು ಒಟ್ಟಿಗೆ ಎದುರಿಗೆ ನಿಂತಿದ್ದರೆ ಯಾರಿಗೆ ಎದೆ ನಡುಗದು? ಅವರು ಗೋಡೆ ಹುಡುಕಿಕೊಂಡು ತಿರುಗಿ ನಿಂತರು. ನಾನು ಒಂದನ್ನು ಹಿಡಿದು ಎಳೆದೆ. ಬರಲಿಲ್ಲ. ಇನ್ನೊಂದು ಎಳೆದೆ, ಅದೂ ಇಲ್ಲ. ಬಗ್ಗಿ ಪಕ್ಕದಿಂದ ನೋಡಿದೆ.

ಬೆನ್ನುಗಳನ್ನು ಮಾತ್ರ ಗರಗಸದಲ್ಲಿ ಕೊಯ್ದು ಹಲಗೆಗೆ ಅಂಟಿಸಿದ್ದರು. ಸೆಟ್ಟು ಹಗುರವಾಗಿರಲೆಂದು, ಪುಸ್ತಕಗಳ ರಟ್ಟು, ಪುಟ ಎಲ್ಲ ಕತ್ತರಿಸಿ ಬಿಸಾಡಿದ್ದರು. ಮೊಗ್ಗು ಇತ್ತೋ ಇಲ್ಲವೋ ಇನ್ನು ದೇವರೇ ಬಲ್ಲ.

ಹೇಳಿದೆ. ಅಂಕಲ್ ನಿಧಾನವಾಗಿ ಬಂದು, ಆ ಹಲಗೆಯ ಉದ್ದಕ್ಕೂ ಕೈಯಾಡಿಸಿದರು. "ಸಾಕ್ಷಿಗಳ ನಾಲಿಗೆ ಕತ್ತರಿಸಿಬಿಟ್ಟಿದಾರೆ" ಎಂದರು. ಆಮೇಲೆ, ನನಗೆ ಕೇಳಿಸಲಿ ಎಂದಲ್ಲ, ತಮ್ಮಷ್ಟಕ್ಕೆ, "ಒಳ್ಳೇದೇ ಆಯ್ತೇನೋ" ಎಂದರು. ಆ ಮಾತಿನ ಅರ್ಥ ನನಗೆ ಅವತ್ತು ಆಗಲಿಲ್ಲ.

ಅರ್ಥವಾದದ್ದು ಬೆಂಕಿ ಬಿದ್ದ ಆ ಜನವರಿಯಲ್ಲಿ. ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿ ಬೀಸಿ, ಲಾಸ್ ಏಂಜಲೀಸಿನ ಗುಡ್ಡಗಳು ಒಂದರ ಹಿಂದೊಂದು ಹತ್ತಿಕೊಂಡವು. ಕೆಲವು ದಿನಕ್ಕೆ ಸ್ಯಾಂಟಾ ಕ್ಲಾರಿಟಾದ ಮೇಲಿನ ಗುಡ್ಡದಿಂದಲೂ ಹೊಗೆ ಎದ್ದಿತು. ನಾನು ಲ್ಯಾಬಿನಲ್ಲಿದ್ದೆ. ಅಂಕಲ್‌ಗೆ ಫೋನು ಮಾಡಿದರೆ ಎತ್ತಲಿಲ್ಲ, ಆಂಟಿಗೆ ಮಾಡಿದರೆ ಎತ್ತಲಿಲ್ಲ. ಗುಂಪಿನಲ್ಲಿ ಯಾರೋ ಹಾಕಿದ ವಿಡಿಯೋದಲ್ಲಿ ಹಗಲಲ್ಲೇ ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಕಾರುಗಳೆಲ್ಲ ಲೈಟು ಹಾಕಿಕೊಂಡು ತೆವಳುತ್ತಿದ್ದವು. ಕೈಯಲ್ಲಿದ್ದ ಸ್ಲೈಡೊಂದು ಬಿದ್ದು ಒಡೆಯಿತು. ಆ ಹಟಮಾರಿ ಮುದುಕ ಬೀರುವಿನ ಮುಂದೆ ನಿಂತಿದ್ದಾರೆ, ಆಂಟಿ ಕಾರಿನಲ್ಲಿ ಕೂತು ಹಾರ್ನ್ ಒತ್ತುತ್ತಿದ್ದಾರೆ ಎಂದು ನನ್ನ ತಲೆಯಲ್ಲಿ ಏನೇನೋ ಚಿತ್ರ.

ಸಂಜೆ ಅವರ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಾಗ ನಾನು ಚಪ್ಪಲಿ ಹಾಕದೆ ಓಡಿದೆ. ಕಾರಿನ ಮೇಲೆಲ್ಲ ಬೂದಿ. ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದ ಪುಸ್ತಕಗಳ ಪೆಟ್ಟಿಗೆ, ಹಿಂದೆ ಇನ್ನೆರಡು ಪೆಟ್ಟಿಗೆಗಳ ನಡುವೆ ಮುದುಡಿಕೊಂಡ ಆಂಟಿ. "ನೋಡಮ್ಮಾ, ಸವತಿಯರಿಗೆ ಮುಂದಿನ ಸೀಟು, ನನಗೆ ಹಿಂದಿನದು" ಎಂದು ಇಳಿದು, ನನ್ನನ್ನು ತಬ್ಬಿಕೊಂಡು ಅತ್ತರು. ಅಂಕಲ್ ಪೆಟ್ಟಿಗೆಗಳನ್ನು ನನಗೆ ಬಿಟ್ಟು, ದಿಂಬಿನ ಕವರಿನಲ್ಲಿ ಸುತ್ತಿದ ಏನನ್ನೋ ಎದೆಗೊತ್ತಿಕೊಂಡು ಒಳಗೆ ಬಂದರು. ಅದನ್ನು ನಾನು ಎಂದೂ ನೋಡಿರಲಿಲ್ಲ.

"ಅದೇನಂಕಲ್, ಆಂಟಿ ಒಡವೇನಾ?"

"ಮುಟ್ಬೇಡ!" ಎಂದರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ಊಟವಾದ ಮೇಲೆ ಅವರೇ ಬಾಯಿ ಬಿಟ್ಟರು. ಟೀವಿಯಲ್ಲಿ ಅವರ ಮನೆಯ ಹಿಂದಿನ ಗುಡ್ಡ ಉರಿಯುತ್ತಿತ್ತು; ಅವರು ಅದನ್ನು ನೋಡುತ್ತಲೇ ಹೇಳಿದರು. ಅವರಿಗೆ ಸಿಕ್ಕಿದ ಮೊಟ್ಟಮೊದಲ ಪುಸ್ತಕ ಅದು, ನನ್ನ ಪರಿಚಯಕ್ಕೆ ಮುಂಚಿನದು. ನವಿಲು ಕಂಡ ಸಂತೋಷದಲ್ಲಿ ಹಿಂದಿನ ರಟ್ಟು ತಿರುಗಿಸಿ ನೋಡಿದ್ದರು. ಕೈಯಾಡಿಸಿ, ಬಿಸಿಲಿಗೆ ಹಿಡಿದು, ಎಲ್ಲ ಮಾಡಿದ್ದರು. ಮೊಗ್ಗು ಇರಲಿಲ್ಲ. ಅಂದೇ ದಿಂಬಿನ ಕವರಿನಲ್ಲಿ ಸುತ್ತಿಟ್ಟವರು ಮತ್ತೆ ಬಿಚ್ಚಲಿಲ್ಲ, ಆಂಟಿಗೂ ಹೇಳಲಿಲ್ಲ.

"ಅಂದ್ರೆ... ಇಷ್ಟು ದಿನ ನೀವು..."

"ಒಂದಾದ್ರೆ ಮರೆತಿರಬಹುದು. ಜಹಗೀರುದಾರರಿಗೂ ವಯಸ್ಸಾಗಿತ್ತಲ್ಲ. ಎರಡಾದ್ರೆ ಮರೆತಿದ್ದಲ್ಲ. ಗೋಡೆಗೆ ತಿರುಗಿ ನಾನು ಕಾಯ್ತಿದ್ದಿದ್ದು ಆ ಎರಡನೇದಕ್ಕೆ." ಟೀವಿಯ ದನಿ ತಗ್ಗಿಸಿ ಮುಂದುವರಿಸಿದರು: "ಇವತ್ತು ಇದನ್ನ ಅಲ್ಲೇ ಬಿಟ್ಟು ಬಾಗಿಲವರೆಗೂ ಬಂದಿದ್ದೆ. ಸುಟ್ಟು ಹೋಗ್ಲಿ, ಬೆಂಕಿನೇ ನನ್ ಕೆಲಸ ಮುಗಿಸ್ಲಿ ಅಂದ್ಕೊಂಡೆ. ಆಮೇಲೆ ವಾಪಸ್ ಹೋಗಿ ತಂದೆ. ಬಿಟ್ಟು ಬಂದಿದ್ರೆ ಆವಾಗ ನಿಜವಾಗ್ಲೂ ಕಳ್ಳನ ಮೊಮ್ಮಗ ಆಗ್ಬಿಡ್ತಿದ್ದೆ."

ಆಂಟಿ ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತೂ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬೆಳಿಗ್ಗೆ ನಾನು ಕಾಫಿಗೆ ಎದ್ದು ಬಂದಾಗ ಆಂಟಿ ನಮಾಜು ಮುಗಿಸಿ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಆ ದಿಂಬಿನ ಕವರು. "ಇವರ ನಿದ್ದೆ ಕೆಡಿಸಿದ ಸವತಿ ಹೇಗಿದಾಳೆ ನೋಡೇ ಬಿಡೋಣ" ಎಂದು ಪುಸ್ತಕ ಹೊರತೆಗೆದು, ನನ್ನ ಕಣ್ಣೆದುರಿಗೆ, ಅಂಕಲ್ ಎಂದೂ ಮಾಡದ ಕೆಲಸ ಮಾಡಿದರು. ತೆರೆದರು.

"ಅರೆ! ಇದು ಉರ್ದು!" ಎಂದರು. ಪುಸ್ತಕವನ್ನು ತಿರುಗಿಸಿ ಬಲಗಡೆಯಿಂದ ತೆರೆದು ಕೂತರು. ಯಾವುದೋ ಗಝಲ್‌ಗಳಂತೆ. ಒಂದೆರಡು ಸಾಲು ಮೆಲ್ಲಗೆ ಹಾಡಿದ ಹಾಗೆ ಓದಿದರು, ಪುಟ ತಿರುವಿದರು, ಮತ್ತೆ ಓದಿದರು. ಕೊನೆಯ ಪುಟಕ್ಕೆ ಬಂದು ಮುಚ್ಚಿ ಮೇಜಿನ ಮೇಲಿಟ್ಟರು. ಕೊನೆಯ ರಟ್ಟು ಮೇಲೆ ಬಂತು. ನಾನು ಕಾಫಿ ಲೋಟ ಹಿಡಿದು ನೋಡುತ್ತಾ ನಿಂತಿದ್ದೆ. ಕಿಟಕಿಯ ಪಟ್ಟಿಗಳ ನಡುವಿನಿಂದ ಎಳೆಬಿಸಿಲು ಓರೆಯಾಗಿ ಆ ರಟ್ಟಿನ ಮೇಲೆ ಬಿದ್ದಿತ್ತು. ಛತ್ರಿಯ ಹಿಡಿಯ ಕೆಳಗೆ, ಕಡಲೆಬೇಳೆಯಷ್ಟು ಮೊಗ್ಗು.

ಬೆರಳು ತೋರಿಸಿದೆ. ಇಂಗ್ಲಿಷ್ ಪುಸ್ತಕಕ್ಕೆ ಯಾವುದು ಮೊದಲ ರಟ್ಟೋ ಉರ್ದು ಪುಸ್ತಕಕ್ಕೆ ಅದೇ ಕೊನೆಯದು. ಜಹಗೀರುದಾರರು ಓದಿ ಮುಚ್ಚಿದ ಕಡೆ ಒತ್ತಿದ್ದರು. ಅಂಕಲ್ ತೆರೆದೇ ನೋಡಿರಲಿಲ್ಲ. ಎಡದಿಂದ ಬಲಕ್ಕೆ ಓದುವ ಪುಸ್ತಕವೆಂದುಕೊಂಡು, ಅದರ ಮೊದಲ ರಟ್ಟನ್ನು ಹಿಂದಿನದೆಂದು ನೋಡಿ, ಇಷ್ಟು ವರ್ಷ ಒಳಗೊಳಗೇ ಸಾಯುತ್ತಿದ್ದರು.

ಎಬ್ಬಿಸಿ ಕರೆತಂದೆವು. ಏನೆಂದು ಹೇಳುವ ಮೊದಲೇ, ಮೇಜಿನ ಮೇಲೆ ಆ ಪುಸ್ತಕ ಕಂಡು, ಅವರು ನಮ್ಮ ಫ್ರಿಜ್ಜಿನ ಪಕ್ಕದ ಗೋಡೆಗೆ ತಿರುಗಿ ನಿಂತುಬಿಟ್ಟರು. ಕೈ ಬೆನ್ನ ಹಿಂದೆ, ನರ ಪಟಪಟ. ಆಂಟಿ ಪುಸ್ತಕವನ್ನು ಹಿಡಿದುಕೊಂಡು ಹೋಗಿ, ಹಿಂದಿನಿಂದಲೇ, ಅವರ ಬಿಗಿದ ಬೆರಳುಗಳನ್ನು ಬಿಡಿಸಿ, ಒಂದು ಬೆರಳನ್ನು ಮೊಗ್ಗಿನ ಮೇಲಿಟ್ಟರು. ಬೆರಳು ಒಮ್ಮೆ ಅಲ್ಲೇ ನಿಂತಿತು. ಆಮೇಲೆ ಸುತ್ತ ಸವರಿತು. ಮೇಲೆ ಛತ್ರಿ, ಕೆಳಗೆ ಮೊಗ್ಗು, ಮತ್ತೆ ಛತ್ರಿ. ಅವರ ಭುಜಗಳು ಕುಸಿದದ್ದು ನನಗೆ ಕಾಣಿಸಿತು.

"ದಿನಾ ಕುರಾನ್ ಓದೋ ಮನುಷ್ಯ! ಒಂದ್ಸಲ ತೆರೆದು ನೋಡೋಕೆ ಏನಾಗಿತ್ರೀ ನಿಮಗೆ?" ಎಂದು ಆಂಟಿ ಅಳುತ್ತಾ ಬೈದರು.

"ಭಯದಲ್ಲಿ ಬುದ್ಧಿ ಓಡಲ್ಲ ಕಣೇ" ಎಂದರು ಅಂಕಲ್, ಗೋಡೆಗೇ.

ಅವರ ಮನೆ ಸುಡಲಿಲ್ಲ. ಗಾಳಿ ತಿರುಗಿತು, ಬೂದಿ ಗುಡಿಸಿಕೊಂಡು ಮತ್ತೆ ಅಲ್ಲೇ ಇದ್ದರು. ಸಂಜೆ ಹೊತ್ತು ಫೋನು ಮಾಡಿದರೆ ಹಿಂದುಗಡೆ ಆಂಟಿ ಆ ಗಝಲ್‌ಗಳನ್ನು ಓದುವುದು, ಅಂಕಲ್ "ಇನ್ನೊಂದ್ಸಲ" ಎನ್ನುವುದು ಕೇಳಿಸುತ್ತಿತ್ತು. ಆಮೇಲೊಮ್ಮೆ ಮೀರಾ ಮೆಸಾದ ಅಂಗಡಿಗೆ ಬಂದಾಗ ಅವರು ಬಿಲ್ಲನ್ನು ಬಾಗಿಲಲ್ಲಿದ್ದ ಡಬ್ಬಿಗೆ ಹಾಕಿ ನಡೆದರು. ಸ್ವಲ್ಪ ದೂರ ಹೋಗಿ ಹಿಂತಿರುಗಿ ನೋಡಿದರು, ಅಷ್ಟೇ.

"ಇನ್ನು ಹುಡುಕೋದು ಬೇಡಮ್ಮಾ" ಎಂದರು ಅವತ್ತು. "ಈಗ ಎಲ್ಲಾ ಸರಿಯಾಗಿದೆ. ಇನ್ನೊಂದು ಬಂದು ಕೆಡಿಸೋದು ಬೇಡ." ಅವರ ಭಯ ಹೋಗಿರಲಿಲ್ಲ, ಮಲಗಿತ್ತು ಅಷ್ಟೇ.

ಅದೇ ವರ್ಷ ಅಕ್ಟೋಬರಿನಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ದಫನಿಗೆ ಹೋಗಿದ್ದೆ. ದೂರದಲ್ಲಿ ಆಂಟಿಯ ಕೈ ಹಿಡಿದು ನಿಂತಿದ್ದೆ. ಬಲಮಗ್ಗುಲಿಗೆ ಮಲಗಿಸಿ, ಮುಖವನ್ನು ನಮಾಜಿಗೆ ನಿಲ್ಲುವ ದಿಕ್ಕಿಗೆ ತಿರುಗಿಸಿ ಇಡುತ್ತಾರೆಂದು ಆಂಟಿ ಮೆಲ್ಲಗೆ ಹೇಳಿದರು. ಮಣ್ಣಿನ ಗೋಡೆಗೆ ತಿರುಗಿದ ಆ ಬೆನ್ನು ನನ್ನ ಕಣ್ಣಿಗೆ ಕಟ್ಟಿತು. ತಡೆಯಲಾಗದೆ ಅತ್ತುಬಿಟ್ಟೆ.

ಕೆಲವು ವಾರಗಳಾದ ಮೇಲೆ ನನ್ನ ವಿಳಾಸಕ್ಕೆ ಒಂದು ಪಾರ್ಸೆಲ್ ಬಂತು. ಲಾಸ್ ಏಂಜಲೀಸಿನ ಹಳೇ ಪುಸ್ತಕದ ಅಂಗಡಿಯೊಂದಕ್ಕೆ ಅಂಕಲ್ ಯಾವ ಕಾಲದಲ್ಲೋ ಹೇಳಿಟ್ಟಿದ್ದರಂತೆ, ನವಿಲು ಛತ್ರಿ ಕಂಡರೆ, ರಟ್ಟು ನೋಡಿಕೊಡುವ ನನಗೇ ಕಳಿಸಿ ಎಂದು. ಬಿಚ್ಚುವ ಧೈರ್ಯವಾಗಲಿಲ್ಲ. ದಿನಗಟ್ಟಲೆ ಬಾಗಿಲ ಹತ್ತಿರವೇ ಬಿದ್ದಿತ್ತು. ಎಲ್ಲ ಸರಿಯಾಗಿದೆ ಎಂದು ನಂಬಿ ಹೋದವರಿಗೆ ಇದು ಯಾಕೆ? ರೀಸೈಕಲ್ ಡಬ್ಬಿಗೆ ಹಾಕಿದರೆ ಕೇಳುವವರು ಯಾರು? ಎತ್ತಿಕೊಂಡು ಡಬ್ಬಿಯವರೆಗೂ ಹೋದೆ. ಅಲ್ಲಿ ಅಂಕಲ್ ನೆನಪಾದರು, ಉರಿಯುವ ಗುಡ್ಡದ ಕೆಳಗೆ ಬಾಗಿಲವರೆಗೂ ಬಂದು ವಾಪಸ್ ಹೋದ ಅಂಕಲ್. ಪಾರ್ಸೆಲ್ಲನ್ನು ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಬಿಗಿದು, ಸ್ಯಾಂಟಾ ಕ್ಲಾರಿಟಾಕ್ಕೆ ಡ್ರೈವ್ ಮಾಡಿದೆ.

ಆಂಟಿ ಅದನ್ನು ನೋಡಿದರು, ನನ್ನನ್ನು ನೋಡಿದರು. "ನೀನೇ ನೋಡು" ಎಂದರು. ಹೇಳಿದವರು, ಅಂಕಲ್ ನಿಲ್ಲುತ್ತಿದ್ದ ಜಾಗದಲ್ಲೇ, ಗೋಡೆಗೆ ತಿರುಗಿ ನಿಂತರು. ಹಾಗೆ ನಿಂತದ್ದು ಅವರಿಗೇ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಕೈಗಳು ಬೆನ್ನ ಹಿಂದೆ ಹೋದವು.

ಇಂಗ್ಲಿಷ್ ಪುಸ್ತಕ. ಈ ಸಲ ತೆರೆದು ಖಚಿತ ಮಾಡಿಕೊಂಡೆ. ಕೊನೆಯ ರಟ್ಟಿಗೆ ಟಾರ್ಚು ಓರೆಯಾಗಿ ಹಿಡಿದೆ. ಎಡದಿಂದ ಹಿಡಿದೆ, ಬಲದಿಂದ ಹಿಡಿದೆ, ಮೊದಲ ರಟ್ಟನ್ನೂ ನೋಡಿದೆ. ಬೆರಳಿನಿಂದ ಸವರಿದೆ. ಚರ್ಮ ನುಣ್ಣಗಿತ್ತು. 'ಇದೆ ಆಂಟಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನೋಡಿದ್ಯಾಮ್ಮಾ?"

"ಇಲ್ಲ ಆಂಟಿ. ಮೊಗ್ಗಿಲ್ಲ."

ಒಂದು ಕೈ ಇನ್ನೊಂದರ ಬೆರಳನ್ನು ಬಿಗಿಯಾಗಿ ಹಿಡಿಯಿತು. ಹೊರಗೆ ಯಾವುದೋ ಕಾರು ಬಂದು, ರಿವರ್ಸ್ ತೆಗೆದುಕೊಂಡು ಹೋಗುವವರೆಗೂ ಆಂಟಿ ಅಲುಗಲಿಲ್ಲ. ಆಮೇಲೆ ಗೋಡೆಗೇ ಹೇಳಿದರು:

"ಒಂದಾದ್ರೆ ಮರೆತಿರಬಹುದು."

ತಿರುಗಿ ಬಂದು, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ದುಪಟ್ಟಾದ ಅಂಚಿನಿಂದ ಅದರ ದೂಳು ಒರೆಸಿ, ಬೀರುವಿನಲ್ಲಿ ಉಳಿದವುಗಳ ಪಕ್ಕ ಇಟ್ಟರು. "ಊಟ ಮಾಡ್ಕೊಂಡೇ ಹೋಗ್ಬೇಕು ನೀನು" ಎಂದರು. ಊಟ ಮಾಡುವಾಗ, ಅಂಕಲ್ ಬಗ್ಗೆ ಬರೀಲಾ ಎಂದು ಕೇಳಿದೆ. "ಬರಿ. ಎಲ್ಲಾ ಬರಿ. ಹೆಸರು ಮಾತ್ರ ಹಾಕ್ಬೇಡ" ಎಂದರು.

ಇದನ್ನು ಓದಿ ಯಾರಾದರೂ, ನಮ್ಮ ಹತ್ತಿರವೂ ನವಿಲು ಛತ್ರಿಯ ಒಂದು ಕೆಂಪು ಪುಸ್ತಕವಿದೆ ಎಂದು ಫೋನು ಮಾಡಿದರೆ ನಾನು ಹೋಗಲೇಬೇಕು. ಅವರಿಂದ ಕಲಿತದ್ದು ಅದು. ಆದರೆ ಅವತ್ತು ಸ್ಯಾಂಟಾ ಕ್ಲಾರಿಟಾದಿಂದ ಮೀರಾ ಮೆಸಾದವರೆಗೆ, ಆ ಟ್ರಾಫಿಕ್ಕಿನಲ್ಲಿ, ದಾರಿಯುದ್ದಕ್ಕೂ ನಾನು ಒಂದೇ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬಂದೆ, ಒಂದಾದ್ರೆ ಮರೆತಿರಬಹುದು, ಒಂದಾದ್ರೆ ಮರೆತಿರಬಹುದು.